ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸುವುದು ಹೇಗೆ?

ಬಿಡಿ ಮಾಡ್ಯೂಲುಗಳನ್ನು ತಂತಿಗಳಿಂದ ಜೋಡಿಸಿ ಸದ್ದು ಹುಟ್ಟಿಸುವ ವಿದ್ಯುತ್ ವಾದ್ಯವಾದ ಮಾಡ್ಯುಲರ್ ಸಿಂಥಸೈಜರ್ ನುಡಿಸುವವರು ವೋಲ್ಟೇಜ್ ನಿಯಂತ್ರಿತ ಆಂಪ್ಲಿಫೈಯರನ್ನು, ಅಂದರೆ ವಿಸಿಎಯನ್ನು, ಸಾಮಾನ್ಯವಾಗಿ ಸದ್ದನ್ನು ಏರಿಸಿ ಇಳಿಸುವುದಕ್ಕಷ್ಟೇ ಬಳಸುತ್ತಾರೆ. ಆದರೆ ಅದರೊಳಗೆ ನಡೆಯುವುದು ಗುಣಾಕಾರ. ಸಿಗ್ನಲ್ ಕಿಂಡಿಗೆ ಬಂದ ವೋಲ್ಟೇಜನ್ನು ಅದು ನಿಯಂತ್ರಣ ಕಿಂಡಿಗೆ ಬಂದ ವೋಲ್ಟೇಜಿನಿಂದ ಗುಣಿಸಿ, ಒಂದು ಸ್ಥಿರ ಸಂಖ್ಯೆಯಿಂದ ಭಾಗಿಸಿ ಹೊರಗೆ ಕೊಡುತ್ತದೆ. ಆ ಸಂಖ್ಯೆಯನ್ನು ಇಲ್ಲಿ 5 ಎಂದಿಟ್ಟುಕೊಳ್ಳೋಣ.

ಮೊದಲು ಮಾಡ್ಯೂಲಿನ ಆಯ್ಕೆ. ಈ ಕೆಲಸಕ್ಕೆ ಲೀನಿಯರ್ ವಿಸಿಎಯೇ, ಅಂದರೆ ನಿಯಂತ್ರಣ ವೋಲ್ಟೇಜಿಗೆ ಸಮಪ್ರಮಾಣದಲ್ಲಿ ಏರುವಂಥದ್ದೇ, ಬೇಕು; ಡೋಪ್ಫರ್ ಕಂಪನಿಯ ಎ-100 ಸರಣಿಯಲ್ಲಾದರೆ ಎ-130 ಲೀನಿಯರ್, ಎ-131 ಎಕ್ಸ್‌ಪೊನೆನ್ಷಿಯಲ್. ನಿಧಾನವಾಗಿ ಬದಲಾಗುವ ವೋಲ್ಟೇಜನ್ನು ತಡೆಯದ ಡಿಸಿ ಜೋಡಣೆಯೂ ಅದಕ್ಕೆ ಇರಬೇಕು. ಎರಡೂ ಕಿಂಡಿಗಳಿಗೆ 5 ವೋಲ್ಟ್ ಕೊಟ್ಟು, ಹೊರಗೂ 5 ವೋಲ್ಟ್ ಬರುವಂತೆ ಗುಂಡಿಯನ್ನು ಹೊಂದಿಸಿ. ಈ ಹೊಂದಾಣಿಕೆಯನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಈಗ 0ಯಿಂದ 5 ವೋಲ್ಟಿನವರೆಗೆ ನೇರವಾಗಿ ಏರುವ ಒಂದು ಅಲೆಯನ್ನು ಮಲ್ಟಿಪಲ್ ಮೂಲಕ ಕವಲೊಡೆಸಿ, ಒಂದೇ ವಿಸಿಎಯ ಎರಡೂ ಕಿಂಡಿಗಳಿಗೆ ಕೊಡಿ. 1 ವೋಲ್ಟ್ ಇದ್ದದ್ದು 0.2 ಆಗುತ್ತದೆ, 2.5 ಇದ್ದದ್ದು 1.25, 4 ಇದ್ದದ್ದು 3.2, 5 ಮಾತ್ರ 5 ಆಗಿಯೇ ಉಳಿಯುತ್ತದೆ. ನೇರ ಗೆರೆ ಹೀಗೆ ವರ್ಗದ ವಕ್ರರೇಖೆಯಾಗಿ, ಮೊದಲು ತೆವಳಿ ಕೊನೆಗೆ ಜಿಗಿಯುತ್ತದೆ. ಸದ್ದನ್ನು ಕ್ರಮೇಣ ತಗ್ಗಿಸುವ ವೋಲ್ಟೇಜಿಗೆ, ಅಂದರೆ ಇಳಿಯುವ ಎನ್ವಲಪ್‌ಗೆ ಇದನ್ನೇ ಮಾಡಿದರೆ ಸದ್ದು ಥಟ್ಟನೆ ಬಿದ್ದು ಸಣ್ಣ ಬಾಲವನ್ನು ಉಳಿಸುವುದರಿಂದ, ತಾಳವಾದ್ಯದಂಥ ಹೊಡೆತಕ್ಕೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ. ಸಾಲದಿದ್ದರೆ ಈ ಫಲಿತಾಂಶವನ್ನು ಎರಡನೆಯ ವಿಸಿಎಯಲ್ಲಿ ಮೂಲ ಅಲೆಯಿಂದ ಮತ್ತೊಮ್ಮೆ ಗುಣಿಸಿ: ಘನ ಸಿಗುತ್ತದೆ, ನಡುವಿನ 2.5 ವೋಲ್ಟ್ 0.625ಕ್ಕೆ ಕುಸಿಯುತ್ತದೆ.

ವಕ್ರರೇಖೆ ಎದುರು ದಿಕ್ಕಿಗೆ ಉಬ್ಬಬೇಕಾದರೆ ಅಲೆಯನ್ನು ತಲೆಕೆಳಗು ಮಾಡಿ 5 ವೋಲ್ಟ್ ಕೂಡಿಸಿ, ವರ್ಗ ಮಾಡಿ, ಮತ್ತೆ ತಲೆಕೆಳಗು ಮಾಡಿ 5 ಕೂಡಿಸಿ. ಆಗ ನಡುಬಿಂದು 3.75ಕ್ಕೆ ಏರುತ್ತದೆ.

ಋಣ ವೋಲ್ಟೇಜಿನ ವಿಷಯದಲ್ಲಿ ಎಚ್ಚರ ಬೇಕು. ನಿಯಂತ್ರಣ ವೋಲ್ಟೇಜ್ ಸೊನ್ನೆಗಿಂತ ಕೆಳಗಿಳಿದರೆ ಸಾಮಾನ್ಯ ವಿಸಿಎ ಮುಚ್ಚಿಕೊಳ್ಳುವುದರಿಂದ, -5ರಿಂದ +5 ವೋಲ್ಟಿನವರೆಗೆ ತೂಗುವ ಸೈನ್ ಅಲೆಯನ್ನು ವರ್ಗ ಮಾಡಿದರೆ ಅದರ ಕೆಳಗಿನ ಅರ್ಧ ಮಾಯವಾಗುತ್ತದೆ. ರಿಂಗ್ ಮಾಡ್ಯುಲೇಟರಿನಂಥ ನಾಲ್ಕು ಪಾದದ ಗುಣಕದಲ್ಲಿ, ಅಂದರೆ ಎರಡೂ ಕಿಂಡಿಗಳ ಧನ ಋಣಗಳನ್ನು ಲೆಕ್ಕಕ್ಕೆ ಹಿಡಿಯುವ ಮಾಡ್ಯೂಲಿನಲ್ಲಿ, ಹಾಗಾಗುವುದಿಲ್ಲ. ಋಣವನ್ನು ಋಣದಿಂದ ಗುಣಿಸಿದರೆ ಧನವೇ ಬರುವುದರಿಂದ, ಅದೇ ಸೈನ್ ಅಲೆ ಒಂದು ಆಕ್ಟೇವ್ ಮೇಲೇರಿ, 2.5 ವೋಲ್ಟಿನ ಸುತ್ತ ತೂಗುತ್ತದೆ.

ವಿಸಿಎ ಒಂದೇ ಇರುವವರು ಎರಡು ಅಲೆಗಳ ನಡುವೆ ಜಾರುವುದೂ ಸಾಧ್ಯ. ಮೊದಲನೆಯದನ್ನು ತಲೆಕೆಳಗು ಮಾಡಿ ಎರಡನೆಯದಕ್ಕೆ ಕೂಡಿಸಿ, ಆ ಮೊತ್ತವನ್ನು ವಿಸಿಎ ಮೂಲಕ ಹಾಯಿಸಿ, ಹೊರಬಂದದ್ದನ್ನು ಮೊದಲನೆಯದರ ಜತೆ ಮಿಕ್ಸರಿನಲ್ಲಿ ಸೇರಿಸಿ. ನಿಯಂತ್ರಣ 5 ವೋಲ್ಟಿನಲ್ಲಿರುವಾಗ ಮೊದಲನೆಯ ಅಲೆ ಪೂರ್ತಿ ಅಳಿಯಬೇಕು. ಇನ್ನೂ ಕ್ಷೀಣವಾಗಿ ಕೇಳಿಸುತ್ತಿದ್ದರೆ, ಅದು ನಿಲ್ಲುವವರೆಗೆ ತಲೆಕೆಳಗು ಮಾಡುವ ಚಾನೆಲಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ.