ಚೂರು ಒಂದು ಕಪಾಟಿನಲ್ಲಿ, ಚೀಟಿ ಇನ್ನೊಂದರಲ್ಲಿ
ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಪುರಾತತ್ತ್ವ ವಸ್ತುಗಳನ್ನೂ ಅವುಗಳ ಕಾಗದಪತ್ರಗಳನ್ನೂ ಒಟ್ಟಿಗೆ ಕಾಯುವುದು ಹೇಗೆ?

ಮಡಕೆಯ ಚೂರೊಂದು ಕೈಯಲ್ಲಿದೆ. ಕಪ್ಪು ಮೈ, ಅಂಚಿನಲ್ಲಿ ಯಾರೋ ಬೆರಳಿನಿಂದ ಒತ್ತಿದ ಗುರುತು. ಅದು ಯಾವ ಗುಂಡಿಯ ಯಾವ ಪದರದಲ್ಲಿತ್ತು, ಅದರ ಜೊತೆ ಇನ್ನೇನು ಸಿಕ್ಕಿತು ಎಂಬುದು ಗೊತ್ತಿದ್ದರೆ ಅದು ಸಾಕ್ಷ್ಯ. ಗೊತ್ತಿಲ್ಲದಿದ್ದರೆ ಬರಿಯ ಬೋಕಿ.

ಆ ವಿವರವೆಲ್ಲ ಇರುವುದು ಅಗೆದವರ ನೋಟ್‌ಬುಕ್ಕಿನಲ್ಲಿ. ವಿಶ್ವವಿದ್ಯಾಲಯಗಳ ತಾಪತ್ರಯ ಶುರುವಾಗುವುದೂ ಇಲ್ಲಿಯೇ. ಚೂರು ಸಂಗ್ರಹಾಲಯದ ಉಗ್ರಾಣ ಸೇರಿರುತ್ತದೆ, ನೋಟ್‌ಬುಕ್ಕು ವಿಭಾಗದ ಬೀರುವಿನಲ್ಲಿ ಉಳಿದಿರುತ್ತದೆ, ನಕ್ಷೆ ನಿವೃತ್ತ ಪ್ರಾಧ್ಯಾಪಕರ ಮನೆಯ ಅಟ್ಟದಲ್ಲಿರುತ್ತದೆ, ಫೋಟೋಗಳು ಯಾವುದೋ ಸಂಶೋಧನಾ ವಿದ್ಯಾರ್ಥಿಯ ಹಾರ್ಡ್ ಡಿಸ್ಕಿನಲ್ಲಿ. ನಾಲ್ಕನ್ನೂ ಕಟ್ಟಿ ಹಿಡಿಯುವ ದಾರ ಒಂದೇ: ಸಂಖ್ಯೆ.

ಬ್ರಿಟಿಷ್ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಸುಮಾರು 900 ಗೋರಿಗಳಲ್ಲಿ ದೊರೆತ ಮಡಕೆಗಳ ವಿವರವನ್ನು ಗೋರಿಗೊಂದರಂತೆ ರಟ್ಟಿನ ಪಟ್ಟಿಗಳ ಮೇಲೆ ಬರೆದುಕೊಂಡರು. ಆ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸುತ್ತ ಯಾವ ಗೋರಿ ಮೊದಲಿನದು, ಯಾವುದು ಆಮೇಲಿನದು ಎಂಬ ಅನುಕ್ರಮವನ್ನು ಕಂಡುಕೊಂಡು 1899ರಲ್ಲಿ ಪ್ರಕಟಿಸಿದರು. ಅವರ ಸಂಗ್ರಹವನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜು 1913ರಲ್ಲಿ ಕೊಂಡುಕೊಂಡಿತು. ಯಾವ ಮಡಕೆ ಯಾವ ಗೋರಿಯದು ಎಂಬುದೊಂದು ತಪ್ಪಿದ್ದರೂ ಆ ಪಟ್ಟಿಗಳು ಇಸ್ಪೀಟ್ ಎಲೆಗಳಷ್ಟೇ ಆಗುತ್ತಿದ್ದವು.

ಮೊದಲ ತಿಂಗಳು ಏನನ್ನೂ ಸರಿಸಬೇಡಿ

ಹೊಸದಾಗಿ ಹೊಣೆ ಹೊತ್ತವರಿಗೆ ಉಗ್ರಾಣ ಕಂಡ ಕೂಡಲೇ ಗುಡಿಸಿ ಸಾರಿಸುವ ಹುರುಪು ಬರುತ್ತದೆ. ತಡೆದುಕೊಳ್ಳಿ. ಯಾವ ಪೆಟ್ಟಿಗೆಯ ಪಕ್ಕ ಯಾವುದಿದೆ ಎಂಬುದೂ ಒಂದು ಸುಳಿವೇ. ಚೀಟಿ ಕಳೆದುಕೊಂಡ ಪೆಟ್ಟಿಗೆಯ ಮೂಲವನ್ನು ಎಷ್ಟೋ ಸಲ ನೆರೆಯ ಪೆಟ್ಟಿಗೆಯೇ ಹೇಳುತ್ತದೆ.

ಕೋಣೆ, ಕಪಾಟು, ಹಲಗೆ ಎಲ್ಲಕ್ಕೂ ಗುರುತು ಕೊಡಿ. ಇದ್ದದ್ದು ಇದ್ದಂತೆ ಫೋಟೋ ತೆಗೆಯಿರಿ. ಪ್ರತಿ ಹಲಗೆಯ ಮೇಲೆ ಏನೇನಿದೆ ಎಂದು ಬರೆಯಿರಿ. ಗೊತ್ತಾಗದ್ದನ್ನು ‘ಗೊತ್ತಿಲ್ಲ’ ಎಂದೇ ಬರೆಯಿರಿ. ಸಣ್ಣ ಸಂಗ್ರಹಾಲಯಗಳ ಉಗ್ರಾಣಕ್ಕೆಂದು ಇಕ್ರಾಮ್ ಎಂಬ, ಸಾಂಸ್ಕೃತಿಕ ಸ್ವತ್ತಿನ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ರೂಪಿಸಿದ ‘ರಿ-ಆರ್ಗ್’ ವಿಧಾನದಲ್ಲಿ ನನಗೆ ತುಂಬ ಹಿಡಿಸಿದ ಎರಡು ಅಳತೆಗೋಲುಗಳಿವೆ. ಯಾವುದೇ ವಸ್ತು 3 ನಿಮಿಷದೊಳಗೆ ಕೈಗೆ ಸಿಗಬೇಕು. ಅದನ್ನು ತೆಗೆಯಲು ಬೇರೆ ಎರಡಕ್ಕಿಂತ ಹೆಚ್ಚು ವಸ್ತುಗಳನ್ನು ಸರಿಸುವಂತಿರಬಾರದು. ಗಡಿಯಾರ ಹಿಡಿದು ಒಮ್ಮೆ ಪರೀಕ್ಷಿಸಿ. ಅರ್ಧ ದಿನ ಹಿಡಿದರೆ ನಾಚಿಕೆ ಬೇಡ, ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ತಿಳಿಯಿತಲ್ಲ.

ಸಂಖ್ಯೆ ಸರಳವಾಗಿರಲಿ

ಬಂದ ವರ್ಷ, ಆ ವರ್ಷ ಬಂದ ಎಷ್ಟನೆಯ ಕಂತು, ಕಂತಿನಲ್ಲಿ ಎಷ್ಟನೆಯ ವಸ್ತು: ಈ ಮೂರು ಸಾಕು. 1987.14.203 ಎಂದರೆ 1987ರ 14ನೆಯ ಕಂತಿನ 203ನೆಯ ವಸ್ತು. ಊರಿನ ಹೆಸರು, ಕಾಲ, ಬಗೆ ಎಲ್ಲವನ್ನೂ ಸಂಖ್ಯೆಯೊಳಗೇ ತುರುಕುವ ಜಾಣತನ ಬೇಡ. ಕಬ್ಬಿಣಯುಗದ್ದು ಎಂದುಕೊಂಡದ್ದು ನಾಳೆ ಬೇರೆ ಕಾಲದ್ದೆಂದು ತಿಳಿದರೆ ಸಂಖ್ಯೆಯೇ ಸುಳ್ಳು ಹೇಳತೊಡಗುತ್ತದೆ.

ಹಳೆಯ ಸಂಖ್ಯೆಗಳನ್ನು ಅಳಿಸಬೇಡಿ. ಅಗೆತದ ಜಾಗದಲ್ಲಿ ಕೊಟ್ಟ ಸಂಖ್ಯೆ, ವಿಭಾಗದವರು ಕೊಟ್ಟದ್ದು, ಹಿಂದಿನ ಕ್ಯೂರೇಟರ್ ಕೆಂಪು ಶಾಯಿಯಲ್ಲಿ ಬರೆದದ್ದು ಎಲ್ಲವೂ ಹೊಸ ಸಂಖ್ಯೆಯ ಪಕ್ಕದಲ್ಲೇ ದಾಖಲಾಗಲಿ. ನೋಟ್‌ಬುಕ್ಕಿಗೆ ಗೊತ್ತಿರುವುದು ಆ ಹಳೆಯ ಸಂಖ್ಯೆ ಮಾತ್ರ.

ಇನ್ನು ಬರೆಯುವುದು. ಮಾರ್ಕರ್ ಪೆನ್ನಿನಿಂದ ನೇರವಾಗಿ ಚೂರಿನ ಮೇಲೆ ಗೀಚಬೇಡಿ. ಶಾಯಿ ರಂಧ್ರಗಳೊಳಗೆ ಇಳಿದರೆ ಮತ್ತೆ ಹೊರಬರುವುದಿಲ್ಲ. ಚೂರನ್ನು ಮೆತ್ತನೆಯ ಹಾಸಿನ ಮೇಲಿಡಿ. ಒಳಮೈಯಲ್ಲಿ ಚಿತ್ತಾರವಿಲ್ಲದ, ಮಸಿ ಹತ್ತದ ಒಂದು ಮೂಲೆ ಆರಿಸಿ. ಒಡೆದ ಅಂಚು ಬೇಡ, ಮುಂದೊಂದು ದಿನ ಅಲ್ಲಿಗೇ ಜೋಡಿ ಚೂರು ಕೂಡಬೇಕಾಗಬಹುದು. ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ, ಸಣ್ಣ ಕುಂಚದಿಂದ ಬೆರಳುಗುರಿನಷ್ಟು ಜಾಗಕ್ಕೆ ತೆಳುವಾಗಿ ಬಳಿಯಿರಿ. ಕಿಟಕಿ ತೆರೆದಿರಲಿ, ಅಸಿಟೋನಿನ ಆವಿ ತಲೆಗೇರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ ಸಂಖ್ಯೆ ಬರೆಯಿರಿ, ಕಪ್ಪು ಚೂರಾದರೆ ಬಿಳಿ ಶಾಯಿಯಲ್ಲಿ. ಅದೂ ಒಣಗಿದ ಮೇಲೆ ಇನ್ನೊಂದು ತೆಳು ಲೇಪ. ಆತುರಪಟ್ಟರೆ ಎರಡನೆಯ ಲೇಪ ಅಂಕಿಗಳನ್ನು ಕದಡಿ 3 ಯಾವುದು, 8 ಯಾವುದು ತಿಳಿಯದಂತೆ ಮಾಡುತ್ತದೆ. ಸಂಖ್ಯೆ ತಪ್ಪಾದರೆ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಎಲ್ಲವನ್ನೂ ಒರೆಸಿ ತೆಗೆಯಬಹುದು. ಈ ವಿಧಾನದ ಗುಣವೇ ಅದು.

ಮರ, ಚರ್ಮ, ಬಟ್ಟೆ, ಪುಡಿಯಾಗುವ ಮೂಳೆ, ತುಕ್ಕು ಹಿಡಿದ ಲೋಹ ಇವುಗಳಿಗೆ ಲೇಪ ಕೂಡದು. ಹತ್ತಿ ದಾರದಲ್ಲಿ ಚೀಟಿ ಕಟ್ಟಿ, ಇಲ್ಲವೇ ಚೀಲದೊಳಗಿಡಿ. ಚೀಲದ ಹೊರಗೂ ಬರೆಯಿರಿ, ಒಳಗೂ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ. ಅಂಟುಚೀಟಿಗಳನ್ನೆಲ್ಲ ಉದುರಿಸಿಕೊಂಡು ತಳದಲ್ಲಿ ಗುಡ್ಡೆ ಹಾಕಿಕೊಂಡಿದ್ದ ಪೆಟ್ಟಿಗೆಯೊಂದನ್ನು ನಾನು ತೆರೆದಿದ್ದೇನೆ. ನಲವತ್ತು ಚೂರು, ನಲವತ್ತು ಚೀಟಿ. ಯಾವುದು ಯಾರದ್ದೆಂದು ಹೇಳುವವರಿಲ್ಲ.

ಗಾಳಿ, ತೇವ, ಹುಳು

ಮಡಕೆ ಮತ್ತು ಕಲ್ಲು ಬಹುಮಟ್ಟಿಗೆ ಸಹನೆಯುಳ್ಳವು. ಲೋಹ ಹಾಗಲ್ಲ. ಕಂಚಿನ ಮೇಲೆ ತಿಳಿಹಸಿರು ಪುಡಿ ಕಂಡರೆ ಅದು ಹಳೆಯ ಕಿಲುಬಿನ ಚೆಲುವಲ್ಲ, ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ತಿನ್ನುತ್ತಿರುವ ಕಂಚಿನ ರೋಗ. ಆ ವಸ್ತುವನ್ನು ಕೂಡಲೇ ಬೇರೆ ಮಾಡಿ, ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಿ; ಒಳಗಿನ ಸಾಪೇಕ್ಷ ಆರ್ದ್ರತೆ ಶೇ 35ಕ್ಕಿಂತ ಕೆಳಗಿರಲಿ. ಉತ್ಖನನದ ಕಬ್ಬಿಣಕ್ಕೆ ಇನ್ನೂ ಒಣ ಹವೆ ಬೇಕು, ಶೇ 20ರ ಒಳಗಾದರೆ ಒಳ್ಳೆಯದು. ಮೂಳೆ, ದಂತಗಳನ್ನು ಅಷ್ಟು ಒಣಗಿಸಿದರೆ ಬಿರುಕು ಬಿಡುತ್ತವೆ. ಹೀಗಾಗಿ ಇಡೀ ಕೋಣೆಯ ಹವೆ ತಿದ್ದಲು ಹೋಗುವುದಕ್ಕಿಂತ ಡಬ್ಬಿಯೊಳಗಿನ ಹವೆ ತಿದ್ದುವುದು ಅಗ್ಗ. ಕೋಣೆಗೆ ಒಂದು ಆರ್ದ್ರತಾ ಮಾಪಕ ಸಾಕು. ಅದು ಶೇ 65 ದಾಟಿ ನಿಂತರೆ ಬೂಷ್ಟು ಬರುವ ದಿನ ದೂರವಿಲ್ಲ.

ಸೀಸದ ವಸ್ತುಗಳನ್ನು ಮರದ ಪೆಟ್ಟಿಗೆಯಲ್ಲಿ ಇಡಬೇಡಿ. ಮರದಿಂದ, ಅದರಲ್ಲೂ ಓಕ್ ಮರದಿಂದ, ಹೊಮ್ಮುವ ಆಮ್ಲದ ಆವಿಗೆ ಸೀಸ ಬೆಳ್ಳಗೆ ಪುಡಿಯಾಗುತ್ತದೆ. ಪಿವಿಸಿ ಚೀಲಗಳೂ ಬೇಡ. ಹುಳುಗಳಿಗೆ ಮೊದಲ ಮದ್ದು ವಿಷವಲ್ಲ, ಗೋಡೆಯಂಚಿನಲ್ಲಿ ಅಂಟುಬಲೆ ಇಟ್ಟು ವಾರಕ್ಕೊಮ್ಮೆ ಯಾವುದು ಎಷ್ಟು ಬಿತ್ತು ಎಂದು ಎಣಿಸುವುದು.

ಎಲ್ಲ ಚೂರನ್ನೂ ತೊಳೆದು ಹೊಳೆಯಿಸುವ ಆಸೆಯನ್ನೂ ಹತ್ತಿಕ್ಕಿ. ಮಡಕೆಯ ಒಳಮೈಯಲ್ಲಿ ಹೀರಿಕೊಂಡ ಕೊಬ್ಬು, ಅಂಟಿದ ಕರಿಯಿಂದ ಅಂದಿನವರು ಏನು ಬೇಯಿಸುತ್ತಿದ್ದರು ಎಂಬುದನ್ನು ಪ್ರಯೋಗಾಲಯ ಹೇಳಬಲ್ಲದು. ತೊಳೆದ ಮೇಲೆ ಕೇಳಿ ಫಲವಿಲ್ಲ.

ಕಾಗದಗಳ ಕಡೆಗೆ

ಪತ್ರಾಗಾರದವರ ಹಳೆಯ ನಿಯಮ ಎರಡು. ಒಬ್ಬರ ಕಾಗದಗಳನ್ನು ಇನ್ನೊಬ್ಬರವುಗಳ ಜೊತೆ ಬೆರೆಸಬಾರದು; ಅವರು ಇಟ್ಟುಕೊಂಡಿದ್ದ ಅನುಕ್ರಮ ಕೆಡಿಸಬಾರದು. ನಕ್ಷೆಗಳನ್ನೆಲ್ಲ ಒಂದೆಡೆ, ಪತ್ರಗಳನ್ನೆಲ್ಲ ಒಂದೆಡೆ ಜೋಡಿಸುವುದು ನೋಡಲು ಚೆಂದ, ಆದರೆ ನೋಟ್‌ಬುಕ್ಕಿನ ಪುಟಗಳ ನಡುವೆ ಸಿಕ್ಕಿಸಿದ್ದ ಚೀಟಿ ಆ ಪುಟದ್ದೇ ಎಂಬ ಅರಿವು ಅಲ್ಲಿಗೆ ಮುಗಿಯಿತು. ಚೀಟಿಯ ಫೋಟೋವನ್ನು ಪುಟದ ಸಮೇತ ತೆಗೆದ ಮೇಲೆಯೇ ಅದನ್ನು ಮುಟ್ಟಿ.

ತುಕ್ಕು ಹಿಡಿದ ಗುಂಡುಸೂಜಿ, ಕರಗಿ ಅಂಟಿದ ರಬ್ಬರ್ ಬ್ಯಾಂಡ್ ತೆಗೆಯಿರಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ನಿನ ಮಾತೇ ಬೇಡ. ಆಮ್ಲರಹಿತ ಕಡತಗಳಲ್ಲಿ ಇಡಿ. ಹಳೆಯ ಫಿಲ್ಮ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ ತಂಪಿನಲ್ಲಿಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಅದಕ್ಕಿಂತ ಹಳೆಯ ನೈಟ್ರೇಟ್ ಫಿಲ್ಮ್ ಬೆಂಕಿಯ ಗೆಳೆಯ, ಪರಿಣತರಿಗೆ ಒಪ್ಪಿಸಿ.

ಇದಕ್ಕಿಂತ ತುರ್ತಿನ ಕೆಲಸವೊಂದಿದೆ. ಅಗೆದ ಪ್ರಾಧ್ಯಾಪಕರು ನಿವೃತ್ತರಾಗುವ ಮೊದಲೇ ಅವರ ಎದುರು ನೋಟ್‌ಬುಕ್ ಬಿಚ್ಚಿಟ್ಟು, ರೆಕಾರ್ಡರ್ ಹಚ್ಚಿ ಕೂರಿ. ‘ದ.ಮೂ.’ ಎಂದರೆ ದಕ್ಷಿಣ ಮೂಲೆಯೋ, ದಪ್ಪ ಮೂತಿಯ ಮಡಕೆಯೋ? ಆ ಸಂಕ್ಷೇಪದ ಬೀಗದ ಕೈ ಇರುವುದು ಅವರೊಬ್ಬರ ಬಳಿ. ಎರಡು ಮಧ್ಯಾಹ್ನದ ಮಾತು ಮುಂದಿನವರ ಎರಡು ವರ್ಷ ಉಳಿಸೀತು.

ಕಂಪ್ಯೂಟರಿಗೆ ಏರಿಸುವುದು ಇಷ್ಟೆಲ್ಲ ಆದ ಮೇಲೆ. ಯಾವ ತಂತ್ರಾಂಶ ಎಂಬ ಚರ್ಚೆಯಲ್ಲೇ ವರ್ಷ ಕಳೆಯುವವರಿದ್ದಾರೆ. ಸರಳ ಸ್ಪ್ರೆಡ್‌ಶೀಟ್ ಸಾಕು, ಅದರಲ್ಲಿ ವಸ್ತುವಿನ ಸಂಖ್ಯೆ, ಹಳೆಯ ಸಂಖ್ಯೆಗಳು, ಗುಂಡಿ ಮತ್ತು ಪದರ, ಇರುವ ಹಲಗೆ, ಸಂಬಂಧಪಟ್ಟ ನೋಟ್‌ಬುಕ್ಕಿನ ಪುಟ ಇದ್ದರೆ. ಪ್ರತಿಗಳು ಮೂರಿರಲಿ, ಎರಡು ಬಗೆಯ ಮಾಧ್ಯಮದಲ್ಲಿರಲಿ, ಒಂದಾದರೂ ಬೇರೆ ಕಟ್ಟಡದಲ್ಲಿರಲಿ.

ಕೊಡುವಾಗ, ಕೊಳ್ಳುವಾಗ

ಯಾರಾದರೂ ದಾನವಾಗಿ ತಂದದ್ದಕ್ಕೆ ಧನ್ಯವಾದ ಹೇಳುವ ಮೊದಲು ಕಾಗದ ಕೇಳಿ. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ 1970ರದ್ದು. ಆಮೇಲೆ ದೇಶ ದಾಟಿ ಬಂದ, ದಾಖಲೆಯಿಲ್ಲದ ವಸ್ತುವನ್ನು ಒಳಗೆ ಬಿಟ್ಟುಕೊಳ್ಳದಿರುವುದೇ ಮೇಲು. ಮನುಷ್ಯರ ಅಸ್ಥಿಗಳಿದ್ದರೆ ಅವನ್ನು ಪ್ರತ್ಯೇಕವಾಗಿ, ಗೌರವದಿಂದ ಇಡಿ. ಅವರ ವಂಶದವರೋ ಸಮುದಾಯದವರೋ ಇದ್ದರೆ ಅವರನ್ನು ಕೇಳದೆ ಪ್ರದರ್ಶಿಸಬೇಡಿ. ತರಗತಿಗೆ ಒಯ್ಯುವ ಚೂರುಗಳಿಗೆ ಬೇರೆಯೇ ಪೆಟ್ಟಿಗೆಯಿರಲಿ. ಎರವಲು ಪುಸ್ತಕದಲ್ಲಿ ಸಹಿ ಮಾಡದೆ ಕುಲಪತಿಗಳಿಗೂ ಏನೂ ಹೊರಗೆ ಹೋಗಬಾರದು. ಇಷ್ಟು ಗಟ್ಟಿಯಾಗಿ ಹೇಳುವುದು ಕಷ್ಟ, ಆದರೂ ಹೇಳಿ.

ವರ್ಷಕ್ಕೊಮ್ಮೆ ಒಂದು ದಿನ ಮೀಸಲಿಡಿ. ದಾಖಲೆಯಿಂದ ಮನಬಂದಂತೆ 20 ಸಂಖ್ಯೆ ಆರಿಸಿ ಆ ವಸ್ತುಗಳನ್ನು ಹುಡುಕಿ. ಆಮೇಲೆ ಕಪಾಟಿನಿಂದ 20 ವಸ್ತು ಎತ್ತಿಕೊಂಡು ಅವು ದಾಖಲೆಯಲ್ಲಿವೆಯೇ, ಅವುಗಳ ನೋಟ್‌ಬುಕ್ ಪುಟ ಸಿಗುತ್ತದೆಯೇ ನೋಡಿ. ಸಿಗದ್ದರ ಮುಂದೆ ‘ಕಾಣಲಿಲ್ಲ’ ಎಂದು ದಿನಾಂಕ ಹಾಕಿ ಬರೆಯಿರಿ. ಸಾಲಿನ ಮೇಲೆ ಗೆರೆ ಎಳೆಯಬೇಡಿ. ಮುಂದಿನ ವರ್ಷ ಅದು ಪಕ್ಕದ ಹಲಗೆಯಲ್ಲೇ ಸಿಕ್ಕೀತು.