ಕೈ ಚಾಚಿದರೆ ಬಣ್ಣ ಬದಲಿಸುವ, ದನಿಗೂಡುವ ಕಿಟಕಿ

ಬಣ್ಣದ ಗಾಜಿನ ಕಿಟಕಿಯ ಸೊಬಗೆಲ್ಲ ಹಿಂದಿನಿಂದ ಹಾಯ್ದು ಬರುವ ಬೆಳಕಿನದು. ಕೆಂಪು ಗಾಜು ಕೆಂಪನ್ನು ಮಾತ್ರ ದಾಟಗೊಟ್ಟು ಉಳಿದ ಬಣ್ಣಗಳನ್ನು ಹೀರಿಕೊಳ್ಳುವುದರಿಂದ, ಅದರ ಹಿಂದೆ ನೀಲಿ ದೀಪ ಉರಿದರೆ ಅದು ಬಹುತೇಕ ಕಪ್ಪಾಗಿ ಕಾಣುತ್ತದೆ. ಈ ಗುಣವನ್ನೇ ಹಿಡಿದು, ಎದುರಿಗೆ ಬಂದವರ ಕೈಗೆ ತಕ್ಕಂತೆ ಚಿತ್ರವೂ ನಾದವೂ ಬದಲಾಗುವ ಫಲಕವೊಂದನ್ನು ಮನೆಯಲ್ಲೇ ಮಾಡಬಹುದು.

ಮೊದಲು ವಿನ್ಯಾಸ. ಯುರೋಪಿನ ಹಳೆಯ ಚರ್ಚುಗಳಲ್ಲಿ ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳೇ ಚಿತ್ರದ ಗೆರೆಗಳೂ ಆಗಿರುತ್ತವೆ. ನಮ್ಮಲ್ಲಿ ಆ ಕೆಲಸಕ್ಕೆ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ (ಕೆಮ್ಮಣ್ಣಿನ ಬಣ್ಣದ) ಗೋಡೆಚಿತ್ರಗಳ ದಿಟ್ಟ ರೇಖೆಗಳು ಹೇಳಿ ಮಾಡಿಸಿದಂತಿವೆ. ಹೂಬಳ್ಳಿಯೊಂದನ್ನು 30×45 ಸೆಂ.ಮೀ. ಕಪ್ಪು ರಟ್ಟಿನ ಮೇಲೆ ಬರೆದು, ಗೆರೆಗಳನ್ನು ಬೆರಳಗಲ ಉಳಿಸಿ ನಡುವಿನ ಭಾಗಗಳನ್ನು ಕತ್ತರಿಸಿ ತೆಗೆಯಿರಿ.

ಚೌತಿ ಮಂಟಪಕ್ಕೆ ಬಳಸುವ ಜಿಲೆಟಿನ್ ಹಾಳೆ ಗಾಜಿನ ಬದಲಿಗೆ ಸಾಕು. ಹೂವಿಗೆ ಕೆಂಪು, ಹಿನ್ನೆಲೆಗೆ ನೀಲಿ ಇರಲಿ. ತೆಳು ಹಾಳೆಯಲ್ಲಿ ಬೇರೆ ಬಣ್ಣವೂ ಸೋರುವುದರಿಂದ ಎರಡೆರಡು ಪದರ ಅಂಟಿಸಬೇಕು. ಹಳದಿ ಹಾಳೆ ಕೆಂಪು ಮತ್ತು ಹಸಿರು ಎರಡನ್ನೂ ಬಿಟ್ಟುಕೊಡುವ ಕಾರಣ ಎಲೆಯ ನರಗಳಿಗೆ ಅದು ಚೆನ್ನ.

ಹಾಳೆ ಅಂಟಿಸಿದ ಈ ರಟ್ಟನ್ನು ಸುಮಾರು 10 ಸೆಂ.ಮೀ. ಆಳದ ಮರದ ಪೆಟ್ಟಿಗೆಗೆ ಮುಚ್ಚಳವಾಗಿ ಕೂರಿಸಿ, ಬೆಳಕು ಸಮನಾಗಿ ಹರಡಲು ಹಾಳೆಯ ಹಿಂದೆ ಬಟರ್ ಪೇಪರ್ ಹಚ್ಚಿ. ಪೆಟ್ಟಿಗೆಯ ಆಳದಲ್ಲಿ ಜಿಪುಣತನ ಮಾಡಿದರೆ ಒಂದೊಂದು ದೀಪವೂ ಚುಕ್ಕೆಯಾಗಿ ಕಂಡು ಕಿಟಕಿಯ ಭ್ರಮೆ ಹಾಳಾಗುತ್ತದೆ. ತಳಕ್ಕೆ, ಪ್ರೋಗ್ರಾಂ ಹೇಳಿದ ಬಣ್ಣಕ್ಕೆ ತಿರುಗುವ ಡಬ್ಲ್ಯೂಎಸ್2812ಬಿ ಎಲ್‌ಇಡಿ ಪಟ್ಟಿಯಲ್ಲಿ ಮೀಟರಿಗೆ 60 ದೀಪ ಇರುವ ಬಗೆಯದನ್ನು ಒಂದು ಮೀಟರ್ ಅಂಟಿಸಿ. ಪೂರ್ಣ ಬಿಳಿಯಲ್ಲಿ ಪ್ರತಿ ದೀಪ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆಯಾದ್ದರಿಂದ 5 ವೋಲ್ಟ್, 4 ಆಂಪಿಯರ್ ಅಡಾಪ್ಟರ್ ಬೇಕು.

ಪ್ರೋಗ್ರಾಂ ನಡೆಸುವ ಪುಟ್ಟ ಫಲಕ ಆರ್ಡುಯಿನೋ ನ್ಯಾನೋ, ಎಚ್‌ಸಿ-ಎಸ್‌ಆರ್04 ದೂರಮಾಪಕ, ಮೆಮೊರಿ ಕಾರ್ಡಿನ ಧ್ವನಿ ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಮತ್ತು 3 ವಾಟ್ ಸ್ಪೀಕರ್ ಸೇರಿದರೆ ಉಪಕರಣ ಮುಗಿಯಿತು. ಪಟ್ಟಿಯ ಡೇಟಾ ತಂತಿಗೆ 470 ಓಮ್, ಪ್ಲೇಯರಿನ ಆರ್‌ಎಕ್ಸ್ (ಆದೇಶ ಪಡೆಯುವ) ತಂತಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ. ದೂರಮಾಪಕದ ಶ್ರವಣಾತೀತ ಶಬ್ದ ಹಾಳೆಯನ್ನು ಹಾದು ಹೋಗದು; ಅದರ ಎರಡು ಕಣ್ಣುಗಳಿಗೆ ಚೌಕಟ್ಟಿನಲ್ಲಿ ರಂಧ್ರ ಕೊರೆಯಬೇಕು.

ಪ್ರೋಗ್ರಾಂ ಸರಳ: ಕೈ ಮೀಟರಿನಾಚೆ ಇದ್ದರೆ ದೀಪ ಮಂದ ಬಿಳಿ, ಒಳಬಂದರೆ ಕೆಂಪು, 40 ಸೆಂ.ಮೀ. ಒಳಗೆ ನೀಲಿ. ಆಗ ಹೂ ಅಡಗಿ ಹಿನ್ನೆಲೆ ಎದ್ದು ನಿಲ್ಲುತ್ತದೆ. ಅಳತೆ ತುಸು ಕುಣಿಯುವುದರಿಂದ ಐದಾರು ಓದುಗಳ ಸರಾಸರಿ ತೆಗೆದು, ವಲಯ ಬದಲಾದಾಗ ಮಾತ್ರ ಹೊಸ ಧ್ವನಿ ಆರಂಭಿಸಿ. ಇಲ್ಲವಾದರೆ ಅದು ಮತ್ತೆ ಮತ್ತೆ ಮೊದಲಿನಿಂದ ತೊದಲುತ್ತದೆ. ನೀಲಿಗೆ ಕಾರವಾರದ ಟ್ಯಾಗೋರ್ ಕಡಲತೀರದ ಅಲೆಯ ಮೊರೆತವನ್ನು ಮೊಬೈಲಿನಲ್ಲೇ ಹಿಡಿದುಕೊಳ್ಳಬಹುದು. ಕೆಂಪಿಗೆ ಚಂಡೆ ಎಂದು ಎಲ್ಲರಿಗೂ ಹೊಳೆಯುತ್ತದೆ, ಆದರೆ ಕೋಣೆಯೊಳಗೆ ಅದು ಬೇಗ ಸಾಕೆನಿಸುತ್ತದೆ. ಮದ್ದಳೆಯ ಮೆಲುನಡೆ ಲೇಸು.

ಕರಾವಳಿಯ ಉಪ್ಪುಗಾಳಿಗೆ ತಾಮ್ರದ ತುದಿಗಳು ಬೇಗ ಹಸಿರುಗಟ್ಟುತ್ತವೆ. ಸಿಕ್ಕಿಸುವ ತಂತಿಗಳನ್ನು ನಂಬದೆ ಬೆಸುಗೆ ಹಾಕಿ, ಎಲ್ಲ ಪರೀಕ್ಷೆ ಮುಗಿದ ಮೇಲೆ ಬೆಸುಗೆಯ ಜಾಗಗಳಿಗೆ ಬಿಸಿ ಅಂಟು ಸುರಿದು ಮುಚ್ಚಿ.