ಅಂದಾಜು ಪಟ್ಟಿ ಬರೆಯುವಾಗಲೇ ಹೋಗಿ ಕೂರಬೇಕು

ಕಟ್ಟಡ ಎದ್ದು ನಿಂತು, ಬಣ್ಣ ಬಳಿದು, ಉದ್ಘಾಟನೆಯ ಕಾರ್ಡ್ ಹಂಚಿದ ಮೇಲೆ "ಅಂಗವಿಕಲರಿಗೆ ಏನು ಮಾಡಿದ್ದೀರಿ?" ಎಂದು ಕೇಳಿ ನೋಡಿ. ಎಲ್ಲ ಕಡೆ ಒಂದೇ ಉತ್ತರ. "ರ‍್ಯಾಂಪ್ ಹಾಕಿದ್ದೇವಲ್ಲ." ಆ ರ‍್ಯಾಂಪ್ ಮೇಲೆ ಗಾಲಿಕುರ್ಚಿ ಹತ್ತುತ್ತದಾ, ಮಳೆಗಾಲದಲ್ಲಿ ಊರುಗೋಲು ಜಾರುತ್ತದಾ, ಹತ್ತಿ ಒಳಗೆ ಹೋದವರಿಗೆ ಶೌಚಾಲಯದ ಬಾಗಿಲು ಸಾಕಾಗುತ್ತದಾ ಎಂದು ನೋಡಿದವರು ಕಡಿಮೆ. ನಾನು ಇಷ್ಟು ವರ್ಷ ಹೆಚ್ಚಾಗಿ ಮಾಡಿದ್ದು ಈ ನೋಡುವ ಕೆಲಸವನ್ನೇ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಫೋನ್ ಮಾಡಿ ಕೇಳುತ್ತಿರುತ್ತಾರೆ, ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಂಕೋಲಾ ಮತ್ತು ಕಾರವಾರದ ನಡುವಿನ ಒಂದು ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಎಲ್ಲರೂ ವಿಆರ್‌ಡಬ್ಲ್ಯು ಎನ್ನುತ್ತಾರೆ. ಗ್ರಾಮ ಪಂಚಾಯತಿಗೆ ನಮ್ಮಂಥವರು, ಪಟ್ಟಣಕ್ಕೆ ನಗರ ಪುನರ್ವಸತಿ ಕಾರ್ಯಕರ್ತರಾದ ಯುಆರ್‌ಡಬ್ಲ್ಯು, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು. ಸಿಗುವುದು ಗೌರವಧನ. ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು, ಒಂದು ಊರುಗೋಲಿನಲ್ಲಿ ಓಡಾಡುತ್ತೇನೆ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಾಸಾಶನದ ಅರ್ಜಿ, ಬಸ್ ಪಾಸು, ಮನೆ ಮನೆ ಸಮೀಕ್ಷೆ, ಇದು ನಮ್ಮ ದಿನದ ಕೆಲಸ. ಅಮೆರಿಕದಲ್ಲಿ 50 ಅಥವಾ ಹೆಚ್ಚು ನೌಕರರಿರುವ ಸ್ಥಳೀಯ ಸರ್ಕಾರ ಅಂಗವಿಕಲರ ಕಾನೂನಿನ ಪಾಲನೆಗೆಂದೇ ಒಬ್ಬರನ್ನು ನೇಮಿಸಬೇಕು ಎಂಬ ನಿಯಮವಿದೆ. ನಮ್ಮ ಪಂಚಾಯತಿಯಲ್ಲಿ ಅಂಥ ಹುದ್ದೆ ಇಲ್ಲ. ಹಾಗಾಗಿ ಕಟ್ಟಡ, ದಾರಿ, ಕೌಂಟರ್ ನೋಡುವ ಕೆಲಸವನ್ನೂ ನಾವೇ ಕೈಗೆತ್ತಿಕೊಳ್ಳಬೇಕು. ಯಾರೂ ಕರೆದು ಕೊಡುವುದಿಲ್ಲ.

ನಾನು ಕಂಡುಕೊಂಡ ಮುಖ್ಯ ಸಂಗತಿ ಇಷ್ಟೇ: ಕಾಂಕ್ರೀಟ್ ಬಿದ್ದ ಮೇಲೆ ನಮ್ಮ ಮಾತಿಗೆ ಬೆಲೆ ಇಲ್ಲ. ಇಂಜಿನಿಯರ್ ಅಳತೆಗೆ ಬಂದು ಅಂದಾಜು ಪಟ್ಟಿ ಮಾಡುವಾಗ ನಾವು ಅಲ್ಲಿರಬೇಕು. ಆ ಪಟ್ಟಿಯಲ್ಲಿ ಬರೆದದ್ದಕ್ಕೆ ಮಾತ್ರ ದುಡ್ಡು ಬರುತ್ತದೆ. ಬರೆಯದೇ ಹೋದರೆ ಗುತ್ತಿಗೆದಾರ ಒಳ್ಳೆಯ ಮನುಷ್ಯನೇ ಆದರೂ ಕೈಯಿಂದ ಹಾಕಿ ಮಾಡುವುದಿಲ್ಲ, ಮಾಡು ಎನ್ನುವುದೂ ಸರಿಯಲ್ಲ. ಇಂಜಿನಿಯರ್ ಯಾವತ್ತು ಬರುತ್ತಾರೆ ಎಂಬುದು ನೋಟಿಸ್ ಬೋರ್ಡಿನಲ್ಲಿ ಇರುವುದಿಲ್ಲ. ವಾಟರ್‌ಮ್ಯಾನ್‌ಗೆ, ಬಿಲ್ ಕಲೆಕ್ಟರ್‌ಗೆ ಹೇಳಿಟ್ಟರೆ ಅವರೇ ಫೋನ್ ಮಾಡುತ್ತಾರೆ. ಪಂಚಾಯತಿಯಲ್ಲಿ ಏನು ನಡೆಯುತ್ತದೆ ಎಂದು ಅವರಿಗೆ ಗೊತ್ತಾದಷ್ಟು ಬೇಗ ಯಾರಿಗೂ ಗೊತ್ತಾಗುವುದಿಲ್ಲ.

ಮೊದಮೊದಲು "ನೀನೆಂತಕ್ಕೆ ಬಂದೆ ತಂಗಿ?" ಎಂದು ಕೇಳುತ್ತಿದ್ದರು. ಅದಕ್ಕೇ ಚೀಲದಲ್ಲಿ ಕಾನೂನಿನ ಎರಡು ಪುಟ ಜೆರಾಕ್ಸ್ ಇಟ್ಟುಕೊಂಡಿರುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಅದರ 44ನೇ ಕಲಂ ಪ್ರಕಾರ ಅಂಗವಿಕಲರ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಕಟ್ಟುವ ಅನುಮತಿಯನ್ನೇ ಕೊಡುವ ಹಾಗಿಲ್ಲ. ಕಟ್ಟಿದರೂ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲ. 45ನೇ ಕಲಂ ಹಳೆಯ ಸಾರ್ವಜನಿಕ ಕಟ್ಟಡಗಳದ್ದು. ನಿಯಮ ಬಂದ 5 ವರ್ಷದೊಳಗೆ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಅಂದರೆ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು, ಬರೀ ಮಾರ್ಗಸೂಚಿ ಇದ್ದರೆ ಸಾಲದು, ಕಡ್ಡಾಯದ ಮಾನದಂಡ ಬೇಕು ಅಂತ. ಇದನ್ನೆಲ್ಲ ಜಗಳಕ್ಕೆ ಬಳಸಬೇಡಿ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಮೇಜಿನ ಮೇಲೆ ಸುಮ್ನೆ ಇಡಿ, ಓದಲಿ. ನಾಳೆ ಆಡಿಟ್‌ನಲ್ಲಿ ಕೇಳಿದರೆ ತಮಗೇ ತೊಂದರೆ ಎಂದು ಅವರಿಗೂ ಗೊತ್ತಾಗುತ್ತದೆ.

ಇನ್ನು ಅಳತೆ. ರ‍್ಯಾಂಪಿನ ಲೆಕ್ಕ ಸುಲಭ, 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಆದರೆ ಎತ್ತರ ಎಷ್ಟು ಎಂಬುದರಲ್ಲೇ ಎಲ್ಲರೂ ತಪ್ಪುತ್ತಾರೆ. ನಮ್ಮ ಕರಾವಳಿಯಲ್ಲಿ ಮಳೆನೀರು ಒಳಗೆ ನುಗ್ಗಬಾರದು ಎಂದು ಪಾಯವನ್ನು ಎತ್ತರಿಸಿ ಕಟ್ಟುತ್ತೇವೆ. ಅಂಗಳವೂ ಸಮ ಇರುವುದಿಲ್ಲ, ರಸ್ತೆಯ ಕಡೆ ಇಳಿದಿರುತ್ತದೆ. ಒಂದು ಹೊಸ ಕಟ್ಟಡದ ಜಾಗದಲ್ಲಿ "ಒಂದೂವರೆ ಅಡಿ ಇರಬಹುದು" ಎಂದು ಬಾಗಿಲ ಬುಡದಲ್ಲಿ ನಿಂತು ಹೇಳುತ್ತಿದ್ದರು. ನಾನು ಗೌಂಡಿಗೆ ಲೆವೆಲ್ ಪೈಪ್ ತರಲು ಹೇಳಿದೆ. ನೀರು ತುಂಬಿದ ಆ ಸಣ್ಣ ಪಾರದರ್ಶಕ ಪೈಪು. ಒಂದು ತುದಿಯನ್ನು ಹೊಸ್ತಿಲ ಮಟ್ಟಕ್ಕೆ ಹಿಡಿದರು, ಇನ್ನೊಂದು ತುದಿಯನ್ನು ಗಾಲಿಕುರ್ಚಿ ನಿಜವಾಗಿ ಬಂದು ನಿಲ್ಲುವ ಗೇಟಿನ ಹತ್ತಿರ ನೆಟ್ಟ ಕೋಲಿಗೆ. ನೀರು ನಿಂತ ಕಡೆ ಗುರುತು ಹಾಕಿ ನೆಲದಿಂದ ಟೇಪ್ ಹಿಡಿದರೆ ಎರಡು ಅಡಿಗಿಂತ ಜಾಸ್ತಿ! ಪಟ್ಟಿಯಲ್ಲಿ ಬರೆದಿದ್ದು 8 ಅಡಿಯ ರ‍್ಯಾಂಪ್. ಬೇಕಾದದ್ದು 24 ಅಡಿಗೂ ಮೇಲೆ. ನೇರ ಹಾಕಲು ಜಾಗ ಇರಲಿಲ್ಲ. ಮಧ್ಯೆ 5 ಅಡಿ ಸಮತಟ್ಟು ಜಾಗ ಬಿಟ್ಟು ತಿರುಗಿಸಿದೆವು. ಇಂಜಿನಿಯರ್ ಬೇಸರ ಮಾಡಿಕೊಳ್ಳಲಿಲ್ಲ. ಅವರೇ ಕೂತು ಪಟ್ಟಿ ತಿದ್ದಿದರು. ಬೇಕೆಂದೇ ತಪ್ಪು ಮಾಡುವವರು ಕಡಿಮೆ, ಯಾರೂ ಪೈಪ್ ಹಿಡಿದು ತೋರಿಸಿರುವುದಿಲ್ಲ ಅಷ್ಟೇ.

ಶೌಚಾಲಯಕ್ಕೆ ನಾನು ಬೇರೆ ಉಪಾಯ ಮಾಡುತ್ತೇನೆ. ನಕ್ಷೆಯ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಗೋಡೆ, ಬಾಗಿಲು, ಕಮೋಡು. ಅದಕ್ಕೆ ಸುಣ್ಣದ ಪುಡಿಯಲ್ಲಿ ಆ ಕೋಣೆಯನ್ನು ಅಂಗಳದ ಮೇಲೆ ಅಷ್ಟೇ ಅಳತೆಗೆ ಬರೆಯುತ್ತೇವೆ. ಬಾಗಿಲಿನ ಜಾಗ ಬಿಟ್ಟು, ಕಮೋಡಿನ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟು. ಆಮೇಲೆ ನಮ್ಮೂರಿನ ಗಾಲಿಕುರ್ಚಿಯ ಅಣ್ಣನನ್ನು ಕರೆಯುತ್ತೇನೆ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನು. "ಅಣ್ಣಾ, ಗೆರೆ ದಾಟದೆ ಒಳಗೆ ಹೋಗಿ ತಿರುಗಿಸು" ಎಂದರೆ ಅವನು ತಿರುಗಿಸುತ್ತಾನೆ, ಮುಂದಿನ ಸಣ್ಣ ಚಕ್ರ ಸುಣ್ಣದ ಗೋಡೆಯನ್ನು ಅಳಿಸಿಕೊಂಡು ಆಚೆ ಹೋಗುತ್ತದೆ. ಪಿಡಿಒ, ಇಂಜಿನಿಯರ್, ಸದಸ್ಯರು ಎಲ್ಲರೂ ನಿಂತು ನೋಡುತ್ತಿರುತ್ತಾರೆ. ಆಮೇಲೆ ವಾದವೇ ಇರುವುದಿಲ್ಲ. ಒಳಗೆ ಕುರ್ಚಿ ತಿರುಗಲು 5 ಅಡಿ ಅಗಲದ ವೃತ್ತದಷ್ಟು ಜಾಗ ಬೇಕು, ಬಾಗಿಲು 3 ಅಡಿ ತೆರೆಯಬೇಕು ಮತ್ತು ಹೊರಗಡೆಗೇ ತೆರೆಯಬೇಕು, ಇಲ್ಲವೇ ಜಾರುವ ಬಾಗಿಲು ಇರಬೇಕು. ಒಳಗೆ ತೆರೆಯುವ ಬಾಗಿಲಾದರೆ ಕುರ್ಚಿ ಒಳಗೆ ಹೋದ ಮೇಲೆ ಮುಚ್ಚಲಾಗುವುದಿಲ್ಲ. ಒಳಗೆ ಯಾರಾದರೂ ಬಿದ್ದರೆ ತೆರೆಯಲೂ ಆಗುವುದಿಲ್ಲ. ಕಮೋಡಿನ ಎತ್ತರ ಸುಮಾರು ಒಂದೂವರೆ ಅಡಿ, ಕುರ್ಚಿಯ ಸೀಟಿನ ಮಟ್ಟಕ್ಕೆ. ಪಕ್ಕದಲ್ಲಿ ಹಿಡಿಕೆ. ಹಿಡಿಕೆಯನ್ನು ಟೈಲ್ಸ್ ಮೇಲೆ ಸುಮ್ನೆ ಸ್ಕ್ರೂ ಮಾಡಿಬಿಡುತ್ತಾರೆ, ಮೈಭಾರ ಬಿಟ್ಟರೆ ಕಿತ್ತು ಬರುತ್ತದೆ. ಗೋಡೆ ಕಟ್ಟುವಾಗಲೇ ಅದರ ಜಾಗಕ್ಕೆ ಕಾಂಕ್ರೀಟ್ ತುಂಬಿಸಬೇಕು. ನಮ್ಮ ಕಡೆ ಗೋಡೆ ಚಿರೆಕಲ್ಲಿನದು, ಅದರಲ್ಲಿ ಮೊಳೆ ನಿಲ್ಲುವುದೇ ಕಷ್ಟ.

ಹೀಗೆ ಬಳಸುವವರನ್ನೇ ಕರೆದು ನೋಡುವುದು ನನಗೆ ಎಲ್ಲಕ್ಕಿಂತ ಮುಖ್ಯ. ನಾನೂ ಅಂಗವಿಕಲೆಯೇ, ಆದರೆ ಊರುಗೋಲಿನವಳು. ನನಗೆ ಎರಡು ಮೆಟ್ಟಿಲು ಉದ್ದದ ರ‍್ಯಾಂಪಿಗಿಂತ ಸುಲಭ. ಕುರುಡರ ಕಷ್ಟ, ಕಿವಿ ಕೇಳದವರ ಕಷ್ಟ ನನ್ನ ಮೈಗೆ ಗೊತ್ತಿಲ್ಲ. ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಒಬ್ಬರು ಎಲ್ಲರ ಪರ ಮಾತಾಡಲು ಆಗುವುದಿಲ್ಲ.

ಕರಾವಳಿಯದ್ದೇ ಆದ ಕೆಲವು ತೊಂದರೆಗಳಿವೆ, ಮಾರ್ಗಸೂಚಿಯಲ್ಲಿ ಅವುಗಳ ಬಗ್ಗೆ ಎಷ್ಟು ಹುಡುಕಿದರೂ ಇಷ್ಟು ಬಿಡಿಸಿ ಹೇಳಿರುವುದಿಲ್ಲ. ಮೊದಲನೆಯದು ಸೂರಿನ ನೀರು. ಜಾಗ ಉಳಿಯಲಿ ಎಂದು ರ‍್ಯಾಂಪನ್ನು ಗೋಡೆಗೆ ಒತ್ತಿ ಹಾಕುತ್ತಾರೆ, ಮಾಡಿನ ನೀರು ಸರಿಯಾಗಿ ಅದರ ನಡುವೆಯೇ ಬೀಳುತ್ತದೆ. ಜೂನ್‌ನಲ್ಲಿ ಶುರುವಾದ ಮಳೆ ಬಿಡುವುದಿಲ್ಲ, ಆಷಾಢ ಮುಗಿಯುವುದರೊಳಗೆ ಆ ಗೆರೆಯುದ್ದಕ್ಕೂ ಹಸಿರು ಹಾವಸೆ ಕಟ್ಟಿರುತ್ತದೆ. ಊರುಗೋಲಿನ ತುದಿಯ ರಬ್ಬರ್ ಅದರ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗಾಗಿ ಒಂದೋ ಸೂರನ್ನು ರ‍್ಯಾಂಪಿನ ಆಚೆಗೆ ಚಾಚಬೇಕು, ಇಲ್ಲವೇ ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿ ಹಾಕಿ ನೀರನ್ನು ಬೇರೆ ಕಡೆ ಬಿಡಬೇಕು. ಎರಡನೆಯದು ಮೇಲ್ಮೈ. ಗೌಂಡಿಗೆ ಚಂದ ಕಾಣಬೇಕು ಎಂಬ ಆಸೆ, ಸಿಮೆಂಟ್ ಹಾಲು ಎರೆದು ಕನ್ನಡಿ ಮಾಡಿಬಿಡುತ್ತಾನೆ. "ಒರಟು ಇರಲಿ ಮಾಮಾ, ಹಸಿ ಇರುವಾಗಲೇ ಗಟ್ಟಿ ಪೊರಕೆಯಲ್ಲಿ ಅಡ್ಡ ಗೆರೆ ಎಳೆ" ಎಂದು ನಾನು ನಿಂತೇ ಎಳೆಸುತ್ತೇನೆ. ಮೂರನೆಯದು ಕಂಬಿ. ಕಡಲ ಗಾಳಿಗೆ ಸಾದಾ ಕಬ್ಬಿಣದ ಪೈಪು ಬೇಗನೆ ತುಕ್ಕು ಹಿಡಿದು ಸಿಪ್ಪೆ ಏಳುತ್ತದೆ, ಹಿಡಿದರೆ ಅಂಗೈ ಕೊಯ್ಯುತ್ತದೆ. ಪಟ್ಟಿಯಲ್ಲೇ ಜಿಐ (ಸತು ಲೇಪಿಸಿದ ಪೈಪು) ಅಥವಾ ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆಸಿ. ಎರಡೂ ಬದಿ ಕಂಬಿ ಬೇಕು. ಒಂದು ಕೈ ಮಾತ್ರ ಆಡುವವರು ಹತ್ತುವಾಗ ಯಾವ ಬದಿ ಹಿಡಿಯುತ್ತಾರೋ ಇಳಿಯುವಾಗ ಅದರ ಎದುರು ಬದಿ ಬೇಕಲ್ವಾ.

ಕಿವಿ ಕೇಳದವರಿಗೆ ಮಾಡಿದ್ದು ಸಣ್ಣ ಕೆಲಸ, ಖರ್ಚೂ ಇಲ್ಲ. ಕೌಂಟರಿನಲ್ಲಿ ಹೆಸರು ಕೂಗುವ ಬದಲು ಸಂಖ್ಯೆ ಬರೆದ ಚೀಟಿ, ಬಿಳಿ ಬೋರ್ಡಿನ ಮೇಲೆ ಈಗಿನ ಸಂಖ್ಯೆ. ಕಣ್ಣು ಕಾಣದವರಿಗೆ ಪಡಸಾಲೆಯಲ್ಲಿ ನಡೆಯುವ ದಾರಿಯಿಂದ ಬೈಕು, ಹೂಕುಂಡ ತೆಗೆಸಿದ್ದು.

ದುಡ್ಡಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟು ಅಂಗವಿಕಲರಿಗೆ ಇಡಬೇಕು. ಸಣ್ಣ ಪಂಚಾಯತಿಯಲ್ಲಿ ಅದು ತೀರಾ ಸಣ್ಣ ಮೊತ್ತ. ರ‍್ಯಾಂಪ್ ಎಂದ ಕೂಡಲೇ ಎಲ್ಲರ ಕಣ್ಣು ಆ ದುಡ್ಡಿನ ಮೇಲೆ ಬೀಳುತ್ತದೆ. ನಾನು ಒಪ್ಪುವುದಿಲ್ಲ. ಕಟ್ಟಡಕ್ಕೆ ಬಾಗಿಲು, ಕಿಟಕಿ ಹೇಗೋ ರ‍್ಯಾಂಪೂ ಹಾಗೆ, ಅದು ಕಟ್ಟಡದ ಅನುದಾನದಲ್ಲೇ ಆಗಬೇಕು. ಶೇ. 5 ಇರುವುದು ಜನರಿಗೆ: ಗಾಲಿಕುರ್ಚಿಯ ರಿಪೇರಿಗೆ, ಶ್ರವಣ ಸಾಧನಕ್ಕೆ, ಹಾಸಿಗೆ ಹಿಡಿದವರ ಔಷಧಿಗೆ. ಆ ದುಡ್ಡಿನಲ್ಲಿ ಕಚೇರಿಗೆ ಮೆಟ್ಟಿಲು ಸರಿಮಾಡಿಸಿದರೆ ಹಾಸಿಗೆಯಲ್ಲೇ ಇರುವ ಮಗುವಿನ ತಾಯಿಗೆ ನಾನು ಏನು ಹೇಳಲಿ?

ಇದನ್ನು ಬರೆಸಿಕೊಳ್ಳುವ ಜಾಗ ಸಮನ್ವಯ ಗ್ರಾಮ ಸಭೆ. ಅಂಗವಿಕಲರಿಗೆಂದೇ ಕರೆಯುವ ವಿಶೇಷ ಸಭೆ. ಕೆಲವು ಕಡೆ ಇದನ್ನು ಸಹಿ ಹಾಕಿಸಿ ಚಹಾ ಕೊಟ್ಟು ಮುಗಿಸುತ್ತಾರೆ. ಸಭೆ ಮಹಡಿ ಮೇಲೆ ಇದ್ದರೆ ಕೆಳಗೆ ಇಳಿಸಿ, ಶಾಲೆಯ ಅಂಗಳವಾದರೂ ಸರಿ. ಬಸ್ಸಿನ ಹೊತ್ತು ನೋಡಿ ಸಮಯ ಇಡಿ. ಮಾತಾಡಿದ್ದು ಠರಾವು ಪುಸ್ತಕದಲ್ಲಿ ಬಂತಾ ಎಂದು ಅಲ್ಲೇ ಓದಿಸಿ ಕೇಳಿ. ಠರಾವಿನಲ್ಲಿ ಇಲ್ಲದ ಮಾತು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಚುನಾವಣೆ ಬಂದಾಗ ಕೆಲಸ ಬೇಗ ಆಗುತ್ತದೆ, ಅದನ್ನು ಬಳಸಿಕೊಳ್ಳಿ. ಮತಗಟ್ಟೆ ಹೆಚ್ಚಾಗಿ ಶಾಲೆಯಲ್ಲೇ ಇರುತ್ತದೆ, ರ‍್ಯಾಂಪ್ ಕಡ್ಡಾಯ ಎಂದು ಮೇಲಿನಿಂದ ಪತ್ರ ಬರುತ್ತದೆ. ಮರದ ಹಲಗೆಯ ತಾತ್ಕಾಲಿಕ ರ‍್ಯಾಂಪ್ ಇಡುತ್ತೇವೆ ಎಂದರೆ, ಹೇಗೂ ಖರ್ಚು ಮಾಡುತ್ತೀರಿ, ಶಾಲೆಯ ಮಕ್ಕಳಿಗೂ ಆಗುವ ಹಾಗೆ ಕಾಯಂ ಆಗಿಯೇ ಮಾಡಿ ಎನ್ನುತ್ತೇನೆ. 2023ರ ವಿಧಾನಸಭಾ ಚುನಾವಣೆಯಿಂದ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು 12ಡಿ ನಮೂನೆ ತುಂಬಿ ಮನೆಯಿಂದಲೇ ಮತ ಹಾಕಬಹುದು. ಒಳ್ಳೆಯದೇ. ಆದರೆ "ಮನೆಯಿಂದಲೇ ಹಾಕಿ" ಎಂದು ಯಾರನ್ನೂ ಒತ್ತಾಯಿಸಬೇಡಿ. ಬಹಳ ಜನರಿಗೆ ಊರವರ ಜೊತೆ ಸಾಲಿನಲ್ಲಿ ನಿಂತು ಹಾಕುವ ಆಸೆ ಇರುತ್ತದೆ. ಕಣ್ಣು ಕಾಣದವರಿಗೆ ಮತಯಂತ್ರದ ಮೇಲೆ ಬ್ರೈಲ್ ಅಂಕಿ ಇದೆ, ಜೊತೆಗೆ ಒಬ್ಬರನ್ನು ಕರೆದೊಯ್ಯಲೂಬಹುದು. ಇದನ್ನು ಮೊದಲೇ ಮನೆಗೆ ಹೋಗಿ ಹೇಳಿ ಬರುತ್ತೇನೆ.

ನಮ್ಮ ಕೈ ಮೀರಿದ್ದು ಹೆದ್ದಾರಿ 66. ನಾಲ್ಕು ಪಥ ಆದ ಮೇಲೆ ನಡುವೆ ಗೋಡೆ ಬಂತು. ಕಾರವಾರದ ಬಸ್ಸು ನಿಲ್ಲುವುದು ಆಚೆ ಬದಿ. ಮೂರು ಗಾಲಿಯ ಸೈಕಲ್ಲಿನವರು ದಾಟಬೇಕೆಂದರೆ ಮುಂದಿನ ತಿರುವಿನವರೆಗೆ ಲಾರಿಗಳ ಪಕ್ಕದಲ್ಲೇ ಹೋಗಿ ಬರಬೇಕು. ನಿಲ್ದಾಣದ ಮುಂದಿನ ಚರಂಡಿಯ ಹಲಗೆಕಲ್ಲು ರಸ್ತೆಗಿಂತ ಒಂದು ಗೇಣು ಎತ್ತರ. ಇದು ಪಂಚಾಯತಿಯ ಅಂದಾಜು ಪಟ್ಟಿಯಲ್ಲಿ ಬರುವ ಕೆಲಸವಲ್ಲ. ಫೋಟೋ, ಅಳತೆ, ಠರಾವಿನ ಪ್ರತಿ ಸೇರಿಸಿ ಸಂಬಂಧಪಟ್ಟವರಿಗೆ ಕಾಗದ ಕಳಿಸಿದ್ದೇವೆ, ಜಿಲ್ಲಾ ಕಚೇರಿಗೂ ಒಂದು ಪ್ರತಿ ಹೋಗಿದೆ. ಉತ್ತರ ಬಂದಿಲ್ಲ. ಮುಂದಿನ ಸಮನ್ವಯ ಸಭೆಯಲ್ಲಿ ಇದೇ ಮೊದಲ ವಿಷಯ, ಸ್ವೀಕೃತಿ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ, ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೆ ದೂರು ಕೊಡುವಾಗ ಬೇಕಾಗುತ್ತದೆ.